ಹಾರುವ ಕೀಟಗಳ ಆಶ್ರಯ ಶೋಧ: ಸಸ್ಯಗಂಧದ ಪಾತ್ರ

ಆಶ್ರಯ ಶೋಧವೆಂದರೆ ಎಲೆ, ಹೂ, ಹಣ್ಣು, ತೊಗಟೆಗಳಿಂದ ಹೊರಬೀಳುವ ಆವಿಶೀಲ ರಾಸಾಯನಿಕಗಳ ಸುಳಿವು ಹಿಡಿದು ಹಾರುವ ಕೀಟಗಳು ತಮ್ಮ ಆಹಾರದ, ಮೊಟ್ಟೆಯಿಡುವ ಅಥವಾ ಬೇಟೆಯ ತಾಣವನ್ನು ಪತ್ತೆಹಚ್ಚುವ ಕ್ರಿಯೆ. ಪತಂಗ, ನೊಣ, ದುಂಬಿ, ರೆಕ್ಕೆಯುಳ್ಳ ಸಸ್ಯಹೇನು, ಕಣಜ ಹೀಗೆ ಕೀಟವರ್ಗದ ಮುಖ್ಯ ಗಣಗಳಲ್ಲೆಲ್ಲ ಇದು ಕಂಡುಬರುತ್ತದೆ. ಬಹುತೇಕ ಸಂದರ್ಭಗಳಲ್ಲಿ ಹುಡುಕಾಟಕ್ಕೆ ಹೊರಡುವುದು ಮೊಟ್ಟೆ ಹೊತ್ತ ಹೆಣ್ಣು. ಮೊಟ್ಟೆಯೊಡೆದ ಮರಿಹುಳು ದೂರ ಹೋಗಲಾರದು. ತಾಯಿ ಎಲ್ಲಿ ಕೂತಳೋ ಅಲ್ಲಿಯ ಎಲೆಯೇ ಅದರ ಪಾಲಿನ ಅನ್ನ. ತಾಯಿ ತಪ್ಪು ಗಿಡ ಆರಿಸಿದರೆ ಸಂತತಿಗೆ ಉಳಿವಿಲ್ಲ.

ಕೀಟ ವಾಸನೆಯ ಜಾಡು ಹಿಡಿದು ಗಿಡಕ್ಕೆ ಬರುತ್ತದೆ ಎಂಬ ರೂಢಿಯ ಮಾತು ಅರ್ಧ ಮಾತ್ರ ನಿಜ. ನೆಲದ ಮೇಲೆ ಇರುವೆಗೆ ಜಾಡು ಇರಬಹುದು, ಗಾಳಿಯಲ್ಲಿ ಜಾಡು ಎಂಬುದಿಲ್ಲ. ಗಂಧ ತಿಳಿಸುವುದು ಹತ್ತಿರದಲ್ಲಿ ಏನಿದೆ ಎಂಬುದನ್ನು ಮಾತ್ರ. ಅದು ಯಾವ ಕಡೆಗಿದೆ ಎಂಬುದಕ್ಕೆ ಕೀಟ ಗಾಳಿಯ ದಿಕ್ಕನ್ನು ನಂಬುತ್ತದೆ, ಆ ದಿಕ್ಕನ್ನು ಅರಿಯಲು ಕಣ್ಣನ್ನು ಬಳಸುತ್ತದೆ. ಮೂಗಿನ ಕೆಲಸವೆಂದು ತೋರುವ ಈ ಶೋಧದಲ್ಲಿ ಕಣ್ಣಿನ ಪಾಲು ದೊಡ್ಡದು.

ಗಾಳಿಯಲ್ಲಿ ಗಂಧ

ಬಯಲಿನ ಗಾಳಿ ಸುಳಿಸುಳಿಯಾಗಿ ಸಾಗುತ್ತದೆ. ಗಿಡದಿಂದ ಹೊರಟ ಆವಿ ಅದಕ್ಕೆ ಸಿಕ್ಕಿ ಎಳೆಎಳೆಯಾಗಿ ಹರಿದು, ನಡುನಡುವೆ ವಾಸನೆಯೇ ಇಲ್ಲದ ತೆರಪು ಬಿಟ್ಟು ತೇಲುತ್ತದೆ. ಪ್ರಯೋಗಾಲಯದ ಗಾಳಿಸುರಂಗದಲ್ಲಿ ಹೊಗೆ ಬಿಟ್ಟು ನೋಡಿದರೆ ಈ ಎಳೆಗಳು ಕಣ್ಣಿಗೇ ಕಾಣುತ್ತವೆ. 1981ರಲ್ಲಿ ಜಾನ್ ಮರ್ಲಿಸ್ ಮತ್ತು ಸಿ. ಡಿ. ಜೋನ್ಸ್ ವಾಸನೆಯ ಬದಲು ಅಯಾನುಗಳನ್ನು ಗಾಳಿಗೆ ಬಿಟ್ಟು ಬಯಲಿನಲ್ಲೇ ಇದನ್ನು ಅಳೆದರು. ಗಾಳಿ ಸಾಗುವ ದಿಕ್ಕಿನಲ್ಲಿ ಇಟ್ಟ ಉಪಕರಣಕ್ಕೆ ಹೆಚ್ಚಿನ ಹೊತ್ತು ಏನೂ ತಾಕಲಿಲ್ಲ. ತಾಕಿದಾಗ ಕ್ಷಣಮಾತ್ರದ ಹೊಡೆತಗಳಾಗಿ ತಾಕಿತು. ಗಿಡದಿಂದ ಹಲವು ಮೀಟರು ದೂರದಲ್ಲಿ ತೇಲುವ ಒಂದು ಎಳೆ ಗಿಡದ ಬಳಿಯ ಎಳೆಯಷ್ಟೇ ಸಾಂದ್ರವಾಗಿರಲೂಬಹುದು. ಹಾಗಾಗಿ ವಾಸನೆ ಹೆಚ್ಚಾದ ಕಡೆಗೆ ಸಾಗಿದರಾಯಿತು ಎಂಬ ಉಪಾಯ ಇಲ್ಲಿ ನಡೆಯದು.

ಗಾಳಿಗೆ ಎದುರಾಗಿ ಹಾರುವುದೊಂದೇ ದಾರಿ. ಅದೂ ಸುಲಭವಲ್ಲ. ನೆಲದ ಮೇಲೆ ನಿಂತವರಿಗೆ ಗಾಳಿ ಮುಖಕ್ಕೆ ಬಡಿದದ್ದು ಗೊತ್ತಾಗುತ್ತದೆ. ಗಾಳಿಯೊಳಗೇ ತೇಲುತ್ತಿರುವ ಪ್ರಾಣಿಗೆ ಅದು ತನ್ನನ್ನು ಎತ್ತ ಒಯ್ಯುತ್ತಿದೆ ಎಂಬುದು ಮೈಗೆ ತಿಳಿಯದು. ಈ ಒಗಟನ್ನು ಬಿಡಿಸಿದವರು ಬ್ರಿಟನ್ನಿನ ಜಾನ್ ಕೆನಡಿ. ಗಾಳಿಸುರಂಗದಲ್ಲಿ ಈಡಿಸ್ ಸೊಳ್ಳೆಗಳನ್ನು ಹಾರಲು ಬಿಟ್ಟು, ಕೆಳಗಿನ ಪಟ್ಟೆಪಟ್ಟೆಯ ನೆಲವನ್ನೇ ಸರಿಸಿ ಅವರು ನಡೆಸಿದ ಪ್ರಯೋಗಗಳು 1940ರಲ್ಲಿ ಪ್ರಕಟವಾದವು. ಸೊಳ್ಳೆ ತನ್ನ ಹಾರಾಟವನ್ನು ತಿದ್ದಿಕೊಂಡದ್ದು ಕಣ್ಣ ಕೆಳಗೆ ಸರಿಯುವ ನೆಲದ ಚಿತ್ರವನ್ನು ನೋಡಿ. ನೆಲ ನೇರವಾಗಿ ಹಿಂದಕ್ಕೆ ಸರಿಯುತ್ತಿದ್ದರೆ ತಾನು ಸರಿಯಾಗಿ ಮುಂದಕ್ಕೆ ಹೋಗುತ್ತಿದ್ದೇನೆಂದೂ, ಓರೆಯಾಗಿ ಸರಿದರೆ ಗಾಳಿ ತನ್ನನ್ನು ಪಕ್ಕಕ್ಕೆ ತಳ್ಳುತ್ತಿದೆಯೆಂದೂ ಕೀಟ ಅರಿಯುತ್ತದೆ. 1974ರಲ್ಲಿ ಕೆನಡಿ ಮತ್ತು ಡೇವಿಡ್ ಮಾರ್ಷ್ ದಾಸ್ತಾನು ಧಾನ್ಯದ ಪತಂಗದಲ್ಲೂ ಇದನ್ನೇ ತೋರಿಸಿದರು. ಅಲ್ಲಿ ಗಂಧ ಹಾರಾಟಕ್ಕೆ ದಿಕ್ಕು ತೋರಲಿಲ್ಲ. ಗಾಳಿಗೆ ಎದುರಾಗಿ ಹಾರುವ ವರ್ತನೆಗೆ ಚಾಲನೆ ಕೊಟ್ಟಿತು, ಅಷ್ಟೇ.

ಎಳೆ ತಾಕಿದಾಗ ಕೀಟ ಗಾಳಿಗೆದುರು ಮುನ್ನುಗ್ಗುತ್ತದೆ. ಎಳೆ ತಪ್ಪಿದಾಗ ಮುನ್ನಡೆ ನಿಲ್ಲಿಸಿ ಗಾಳಿಗೆ ಅಡ್ಡಡ್ಡಲಾಗಿ ಎಡಕ್ಕೂ ಬಲಕ್ಕೂ ತೂಗುತ್ತ ಹಾರುತ್ತದೆ. ಮತ್ತೊಂದು ಎಳೆ ಸಿಕ್ಕೊಡನೆ ಮತ್ತೆ ಮುನ್ನುಗ್ಗುತ್ತದೆ. ಹಣ್ಣಿನ ಸಣ್ಣ ನೊಣ ಡ್ರೊಸೊಫಿಲಾದಲ್ಲಿ ಈ ನಡೆಗಳನ್ನು ಫ್ಲಾರಿಸ್ ವಾನ್ ಬ್ರೂಗೆಲ್ ಮತ್ತು ಮೈಕೆಲ್ ಡಿಕಿನ್ಸನ್ 2014ರಲ್ಲಿ ಕ್ಯಾಮೆರಾಗಳಿಂದ ಅಳೆದಿದ್ದಾರೆ: ವಾಸನೆ ತಾಕಿದ ಸುಮಾರು 190 ಮಿಲಿಸೆಕೆಂಡಿಗೆ ಮುನ್ನುಗ್ಗು, ತಪ್ಪಿದ ಸುಮಾರು 450 ಮಿಲಿಸೆಕೆಂಡಿಗೆ ಅಡ್ಡಹಾರಾಟ. ಅದೇ ಅಧ್ಯಯನದ ಇನ್ನೊಂದು ಮಾತು ಹೆಚ್ಚು ಸ್ವಾರಸ್ಯದ್ದು. ವಾಸನೆ ತಾಕಿದ ನೊಣ, ಅದಕ್ಕೂ ಮುಂಚೆ ಗಮನವನ್ನೇ ಕೊಡದ ಕಪ್ಪು ಚುಕ್ಕೆಯೊಂದರತ್ತ ತಿರುಗಿ ಹಾರುತ್ತದೆ. ಮೂಗಿಗೆ ಸುಳಿವು ಸಿಕ್ಕ ಮೇಲೆ ಕಣ್ಣು ಅದಕ್ಕೆ ತಕ್ಕ ವಸ್ತುವನ್ನು ಹುಡುಕತೊಡಗುತ್ತದೆ.

ಎಳೆಗಳ ನಡುವಿನ ತೆರಪು ಅಡ್ಡಿಯಲ್ಲ, ಅಗತ್ಯ. ವಾಸನೆಯನ್ನು ಒಂದೇ ಸಮನೆ ಮಂಜಿನಂತೆ ತುಂಬಿಟ್ಟ ಸುರಂಗದಲ್ಲಿ ಗಂಡುಪತಂಗ ಮುಂದೆ ಸಾಗದೆ ತಡವರಿಸುತ್ತದೆಂದೂ, ಅದೇ ವಾಸನೆಯನ್ನು ಬಿಟ್ಟು ಬಿಟ್ಟು ಊದಿದರೆ ನೇರವಾಗಿ ಹಾರಿಬರುತ್ತದೆಂದೂ 1994ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ತೋರಿಸಿದವು. ಇವು ಹೆಣ್ಣು ಗಂಡನ್ನು ಸೆಳೆಯಲು ಸೂಸುವ ಗಂಧದ, ಅಂದರೆ ಫೆರೊಮೋನ್‌ನ, ಮೇಲಿನ ಪ್ರಯೋಗಗಳು. ಹಾರಾಟದ ಶಾಸ್ತ್ರ ಬಹುಪಾಲು ಬೆಳೆದದ್ದು ಗಂಡುಪತಂಗಗಳ ಹಿಂದೆ ಬಿದ್ದೇ. ಗಿಡ ಹುಡುಕುವ ಹೆಣ್ಣಿನ ಬಗ್ಗೆ ಆದ ಕೆಲಸ ಅದಕ್ಕೆ ಹೋಲಿಸಿದರೆ ಕಡಿಮೆ.

ಕುಡಿಮೀಸೆಯಿಂದ ಮಿದುಳಿಗೆ

ಕೀಟದ ಮೂಗು ಅದರ ಕುಡಿಮೀಸೆ. ಅದರ ಮೇಲಿನ ಸೂಕ್ಷ್ಮ ರೋಮಗಳ ಗೋಡೆಯಲ್ಲಿ ರಂಧ್ರಗಳಿದ್ದು, ಅವುಗಳ ಮೂಲಕ ಒಳಸೇರಿದ ಅಣುಗಳು ಗ್ರಾಹಕ ನರಕೋಶಗಳನ್ನು ತಲುಪುತ್ತವೆ. ಒಂದೇ ಬಗೆಯ ಗ್ರಾಹಕವಿರುವ ನರಕೋಶಗಳೆಲ್ಲ ಮಿದುಳಿನ ಮುಂಭಾಗದ ಒಂದೇ ನರಗುಚ್ಛಕ್ಕೆ ಸುದ್ದಿ ಮುಟ್ಟಿಸುತ್ತವೆ. ಡ್ರೊಸೊಫಿಲಾದಲ್ಲಿ ಇಂಥ ಗುಚ್ಛಗಳು ಸುಮಾರು 50. ಯಾವ ಯಾವ ಗುಚ್ಛಗಳು ಒಟ್ಟಿಗೆ ಎಚ್ಚೆತ್ತವು ಎಂಬ ವಿನ್ಯಾಸವೇ ಕೀಟದ ಪಾಲಿಗೆ ವಾಸನೆ.

1957ರಲ್ಲಿ ಜರ್ಮನಿಯ ಡೀಟ್ರಿಕ್ ಶ್ನೈಡರ್ ರೇಷ್ಮೆ ಪತಂಗದ ಕುಡಿಮೀಸೆಯ ಎರಡು ತುದಿಗೆ ವಿದ್ಯುದ್ವಾರ ಜೋಡಿಸಿ, ವಾಸನೆ ತಾಕಿದಾಗ ಉಂಟಾಗುವ ವಿದ್ಯುತ್ ಪ್ರತಿಕ್ರಿಯೆಯನ್ನು ದಾಖಲಿಸಿದರು. ಮುಂದೆ ಇದನ್ನು ಗ್ಯಾಸ್ ಕ್ರೊಮ್ಯಾಟೊಗ್ರಾಫ್ ಯಂತ್ರಕ್ಕೆ ಜೋಡಿಸಲಾಯಿತು. ಗಿಡದ ಗಂಧದಲ್ಲಿ ನೂರಾರು ಘಟಕಗಳಿದ್ದರೂ ಅವು ಯಂತ್ರದಿಂದ ಒಂದೊಂದಾಗಿ ಹೊರಬರುವಾಗ ಕುಡಿಮೀಸೆ ಯಾವುದಕ್ಕೆ ಮಿಡಿಯಿತೆಂದು ನೋಡಿ, ಕೀಟಕ್ಕೆ ಬೇಕಾದ ಹತ್ತಿಪ್ಪತ್ತನ್ನು ಆರಿಸಿಕೊಳ್ಳಬಹುದು. ಈ ಕ್ಷೇತ್ರದ ಬಹುತೇಕ ತಿಳಿವಳಿಕೆ ಈ ಜೋಡಣೆಯಿಂದ ಬಂದದ್ದು. ಭಾರತದಲ್ಲಿ ಕೀಟಗಳ ಘ್ರಾಣದ ಅಧ್ಯಯನಕ್ಕೆ ಬುನಾದಿ ಹಾಕಿದವರು ಒಬೈದ್ ಸಿದ್ದೀಕಿ ಮತ್ತು ವೆರೊನಿಕಾ ರಾಡ್ರಿಗಸ್. ವಾಸನೆ ಗ್ರಹಿಸಲಾಗದ ಡ್ರೊಸೊಫಿಲಾ ತಳಿಗಳ ಬಗ್ಗೆ ಅವರ ಪ್ರಬಂಧ 1978ರಲ್ಲಿ ಬಂತು. ಸಿದ್ದೀಕಿಯವರು ಬೆಂಗಳೂರಿನಲ್ಲಿ ಕಟ್ಟಿದ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಆ ಪರಂಪರೆ ಮುಂದುವರಿಯಿತು.

ಗಿಡದ ಗುರುತು

ಕೆಲವು ಕೀಟಗಳಿಗೆ ತಮ್ಮ ಗಿಡದ ಕುಲಕ್ಕಷ್ಟೇ ಸೇರಿದ ವಾಸನೆಯೇ ಗುರುತು. ಸಾಸಿವೆ, ಎಲೆಕೋಸು, ಮೂಲಂಗಿಗಳ ಘಾಟಿಗೆ ಕಾರಣವಾದ ಐಸೋಥಯೋಸಯನೇಟುಗಳು ಇದಕ್ಕೆ ಒಳ್ಳೆಯ ಉದಾಹರಣೆ. ಎಲೆ ಹರಿದಾಗ, ಜಗಿದಾಗ ಬೇರೆ ಬೇರೆ ಕೋಶಗಳಲ್ಲಿದ್ದ ಗ್ಲುಕೋಸಿನೊಲೇಟ್ ಮತ್ತು ಅದನ್ನು ಒಡೆಯುವ ಕಿಣ್ವ ಕೂಡಿ ಈ ಘಾಟು ಹುಟ್ಟುತ್ತದೆ. ಹೆಚ್ಚಿನ ಹುಳುಗಳಿಗೆ ಇದು ವಿಷ, ಎಲೆಕೋಸಿನ ವಜ್ರಬೆನ್ನಿನ ಪತಂಗಕ್ಕೆ ಆಹ್ವಾನ. 2020ರಲ್ಲಿ ಚೀನಾದ ಸಂಶೋಧಕರು ಈ ಪತಂಗದಲ್ಲಿ ಐಸೋಥಯೋಸಯನೇಟಿಗೆಂದೇ ಇರುವ ಎರಡು ಗ್ರಾಹಕಗಳನ್ನು ಗುರುತಿಸಿ ಅವುಗಳ ಜೀನುಗಳನ್ನು ಕೆಡಿಸಿದಾಗ, ಹೆಣ್ಣು ತನ್ನ ಗಿಡದ ಮೇಲೆ ಮೊಟ್ಟೆಯಿಡುವ ಒಲವನ್ನು ಕಳೆದುಕೊಂಡಿತು. ಈರುಳ್ಳಿ ನೊಣಕ್ಕೆ ಈರುಳ್ಳಿಯ ಗಂಧಕಯುಕ್ತ ಆವಿ ಇದೇ ರೀತಿ ಗುರುತು.

ಆದರೆ ಇಂಥ ಕೀಟಗಳು ಅಪವಾದವೆಂದೇ ಹೇಳಬೇಕು. ಬಹುಪಾಲು ಗಿಡಗಳ ಗಂಧದಲ್ಲಿರುವುದು ಎಲ್ಲೆಲ್ಲೂ ಇರುವ ಸಾಮಾನ್ಯ ಪದಾರ್ಥಗಳೇ: ಹುಲ್ಲು ಕೊಯ್ದಾಗ ಮೂಗಿಗೆ ಬಡಿಯುವ ಆರು ಇಂಗಾಲದ ಆಲ್ಕೊಹಾಲ್, ಆಲ್ಡಿಹೈಡುಗಳು, ಹೂಗಳ ಲಿನಲೂಲ್, ದೇವದಾರು ಜಾತಿಯ ಮರಗಳ ಪೈನೀನ್. ಇಷ್ಟರಲ್ಲೇ ಆಲೂಗಡ್ಡೆಯನ್ನು ಟೊಮ್ಯಾಟೊದಿಂದ ಬೇರ್ಪಡಿಸುವುದು ಅವುಗಳ ಪ್ರಮಾಣ. ಮಸಾಲೆಯಲ್ಲೂ ಹೀಗೆಯೇ: ಧನಿಯ, ಮೆಣಸಿನಕಾಯಿ, ಮೆಂತ್ಯ ಎಲ್ಲ ಮನೆಯ ಡಬ್ಬದಲ್ಲೂ ಇವೆ; ಯಾವುದು ಎಷ್ಟು ಎಂಬುದರ ಮೇಲೆ ಅದು ಸಾರಿನ ಪುಡಿಯೋ ಹುಳಿಪುಡಿಯೋ ಆಗುತ್ತದೆ. ನೆದರ್ಲೆಂಡ್ಸಿನ ವಾಗನಿಂಗನ್‌ನಲ್ಲಿ ಜೆ. ಎಚ್. ವಿಸ್ಸರ್ 1970ರ ದಶಕದ ಕೊನೆಯಲ್ಲಿ ಕೊಲೊರಾಡೊ ಆಲೂಗಡ್ಡೆ ದುಂಬಿಯ ಮೇಲೆ ಮಾಡಿದ ಕೆಲಸದಿಂದ ಈ ವಿಚಾರ ಬೇರೂರಿತು. ಆಲೂಗಡ್ಡೆ ಎಲೆಯ ಗಂಧಕ್ಕೆ, ಅದರಲ್ಲೇ ಇರುವ ಒಂದು ಘಟಕವನ್ನು ಹೆಚ್ಚುವರಿಯಾಗಿ ಬೆರೆಸಿದಾಗ ದುಂಬಿ ಆಸಕ್ತಿ ಕಳೆದುಕೊಂಡಿತು. ದುಂಬಿ ಅಲ್ಲಿ ಹಾರುತ್ತಿರಲಿಲ್ಲ, ಗಾಳಿಸುರಂಗದಲ್ಲಿ ನಡೆಯುತ್ತಿತ್ತು ಎಂಬುದನ್ನು ನೆನಪಿಡಬೇಕು.

ಅವರೆ ಜಾತಿಯ ಬೆಳೆಗಳಿಗೆ ಬೀಳುವ ಕಪ್ಪು ಸಸ್ಯಹೇನಿನ ಫಲಿತಾಂಶ ಇನ್ನೂ ವಿಚಿತ್ರ. ಅದರ ಆಶ್ರಯ ಗಿಡದ 15 ಘಟಕಗಳನ್ನು ಸರಿಯಾದ ಪ್ರಮಾಣದಲ್ಲಿ ಕಲೆಸಿದ ಮಿಶ್ರಣಕ್ಕೆ ಹೇನು ಆಕರ್ಷಿತವಾಗುತ್ತದೆ. ಅದೇ ಘಟಕಗಳಲ್ಲಿ ಹಲವನ್ನು ಬಿಡಿಬಿಡಿಯಾಗಿ ಕೊಟ್ಟರೆ ದೂರ ಸರಿಯುತ್ತದೆ. ಬಿಡಿ ವಾಸನೆ ಅದರ ಪಾಲಿಗೆ ಬೇರೆ ಗಿಡದ ವಾಸನೆ. ಘಟಕಗಳು ಒಂದೇ ಎಳೆಯಲ್ಲಿ, ಒಂದೇ ಕ್ಷಣದಲ್ಲಿ ತಾಕಬೇಕೆಂಬುದೂ ಇದರಿಂದಲೇ ಮುಖ್ಯವಾಗುತ್ತದೆ. ಪಕ್ಕಪಕ್ಕದ ಎರಡು ಗಿಡಗಳ ಗಂಧ ಗಾಳಿಯಲ್ಲಿ ಬೆರೆತಂತೆ ನಮಗೆ ತೋರಿದರೂ ಅವುಗಳ ಎಳೆಗಳು ಪೂರ್ತಿ ಒಂದಾಗಿರುವುದಿಲ್ಲ. ಅಮೆರಿಕದ ಜೋಳದ ತೆನೆಹುಳುವಿನ ಗಂಡುಪತಂಗ, ಕೇವಲ 1 ಮಿಲಿಮೀಟರ್ ಅಂತರದಿಂದ ಹೊರಟ ಎರಡು ವಾಸನೆಗಳನ್ನು ಬೇರೆ ಬೇರೆಯೆಂದು ಗುರುತಿಸಿದ್ದನ್ನು ಥಾಮಸ್ ಬೇಕರ್ ಮತ್ತು ಸಂಗಡಿಗರು 1998ರಲ್ಲಿ ವರದಿ ಮಾಡಿದರು.

ಬೇಡದ ಗಿಡವನ್ನು ಗುರುತಿಸಿ ಬಿಟ್ಟುಬಿಡುವುದೂ ಶೋಧದ ಭಾಗ. ಸೂಚಿಪರ್ಣಿ ಮರಗಳ ತೊಗಟೆ ಕೊರೆಯುವ ದುಂಬಿಗಳು ಬರ್ಚ್‌ನಂಥ ಅಗಲ ಎಲೆಯ ಮರಗಳ ವಾಸನೆ ತಾಕಿದರೆ ಅತ್ತ ಇಳಿಯುವುದಿಲ್ಲ. ಹುಳು ತಿನ್ನುತ್ತಿರುವ ತಂಬಾಕು ಗಿಡ ರಾತ್ರಿ ಹೊತ್ತು ಮಾತ್ರ ಬಿಡುವ ಕೆಲವು ಆವಿಗಳು, ಮೊಟ್ಟೆಯಿಡಲು ಬರುವ ಹೆಣ್ಣುಪತಂಗವನ್ನು ದೂರವಿಡುತ್ತವೆಂದು 2001ರಲ್ಲಿ ತಿಳಿದುಬಂತು.

ಅತ್ತಿ ಮತ್ತು ಅದರ ಕಣಜ

ಅತ್ತಿಹಣ್ಣು ಬಿಡಿಸಿದರೆ ಒಳಗೆಲ್ಲ ಹುಳ ಎಂಬ ನಾಣ್ಣುಡಿ ಕನ್ನಡದಲ್ಲಿ ಹೊರಗಿನ ಚೆಲುವನ್ನು ಹಳಿಯಲು ಬಳಕೆಯಾಗುತ್ತದೆ. ಆ ಹುಳಗಳಿಲ್ಲದೆ ಅತ್ತಿಮರದ ಸಂತಾನವಿಲ್ಲ. ಅತ್ತಿಯ ‘ಕಾಯಿ’ ನಿಜಕ್ಕೂ ಒಳಮುಖವಾಗಿ ಮಡಿಚಿದ ಹೂಗೊಂಚಲು. ನೂರಾರು ಸಣ್ಣ ಹೂಗಳು ಒಳಗೆ, ಹೊರಗೆ ಒಂದು ಇಕ್ಕಟ್ಟಿನ ಬಾಯಿ. ಕೆಲವೇ ಮಿಲಿಮೀಟರ್ ಉದ್ದದ ಹೆಣ್ಣುಕಣಜ ಆ ಬಾಯಿಯಿಂದ ನುಸುಳುವಾಗ ರೆಕ್ಕೆ ಕಿತ್ತುಬರುತ್ತವೆ, ಕುಡಿಮೀಸೆಯ ತುದಿಯೂ ಮುರಿಯುತ್ತದೆ. ಮತ್ತೆ ಅವು ಅದಕ್ಕೆ ಬೇಕಾಗುವುದೂ ಇಲ್ಲ. ತಂದ ಪರಾಗವನ್ನು ಹೂಗಳಿಗೆ ಮುಟ್ಟಿಸಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅದು ಒಳಗೇ ಸಾಯುತ್ತದೆ. ವಾರಗಳ ನಂತರ ರೆಕ್ಕೆಯಿಲ್ಲದ ಗಂಡುಗಳು ಮೊದಲು ಹೊರಬಂದು, ಹೆಣ್ಣುಗಳನ್ನು ಕೂಡಿ, ಕಾಯಿಯ ಗೋಡೆ ಕೊರೆದು ದಾರಿ ಮಾಡುತ್ತವೆ. ಪರಾಗ ಹೊತ್ತ ಹೆಣ್ಣುಗಳು ಆ ದಾರಿಯಿಂದ ಹಾರಿಹೋಗುತ್ತವೆ.

ಅಲ್ಲಿಂದ ಅವುಗಳ ಆಯುಷ್ಯ ಒಂದೆರಡು ದಿನ. ಒಂದು ಮರದ ಕಾಯಿಗಳೆಲ್ಲ ಸಾಮಾನ್ಯವಾಗಿ ಒಟ್ಟಿಗೇ ಬಲಿಯುವುದರಿಂದ ಹುಟ್ಟಿದ ಮರದಲ್ಲಿ ಹೊಸ ಮೊಟ್ಟೆಗೆ ತಕ್ಕ ಎಳೆಗಾಯಿ ಇರುವುದಿಲ್ಲ. ಬೇರೆ ಮರ ಬೇಕು, ಅದೂ ಅದೇ ಜಾತಿಯದು, ಅದೂ ಸರಿಯಾಗಿ ಆ ಹೊತ್ತಿಗೆ ಕಣಜವನ್ನು ಸ್ವೀಕರಿಸುವ ಹದದಲ್ಲಿರುವುದು. ಆ ಹದಕ್ಕೆ ಬಂದ ಕಾಯಿಗಳು ತಮ್ಮ ಜಾತಿಗೆ ತಕ್ಕ ಗಂಧದ ಮಿಶ್ರಣವನ್ನು ಬಿಡುತ್ತವೆ; ಪರಾಗಸ್ಪರ್ಶವಾದೊಡನೆ ಆ ಗಂಧ ಕುಗ್ಗುತ್ತದೆ, ಬದಲಾಗುತ್ತದೆ. ಇಷ್ಟು ಸಣ್ಣ ಕೀಟಕ್ಕೆ ಗಾಳಿಗೆದುರು ದೂರ ಹಾರುವ ಶಕ್ತಿಯಿಲ್ಲ. ಅದು ಮೊದಲು ಮರಗಳ ತಲೆಯ ಮೇಲಕ್ಕೇರಿ ಗಾಳಿಗೆ ಮೈಯೊಡ್ಡುತ್ತದೆ. ಗಂಧ ತಾಕಿದಾಗ ಗಾಳಿ ಮಂದವಾಗಿರುವ ಕೆಳಪದರಕ್ಕಿಳಿದು ಅಲ್ಲಿ ತನ್ನ ರೆಕ್ಕೆಯ ಬಲದಿಂದ ಮರವನ್ನು ಸೇರುತ್ತದೆ. ಆಫ್ರಿಕದ ನಮೀಬ್ ಮರುಭೂಮಿಯ ಸೈಕಮೋರ್ ಅತ್ತಿಮರಗಳ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನ, ಕಣಜಗಳು 160 ಕಿಲೋಮೀಟರಿನಷ್ಟು ದೂರ ಪರಾಗ ಒಯ್ದದ್ದನ್ನು ತಳಿಗುರುತಿನ ಮೂಲಕ ತೋರಿಸಿತು.

ನಮ್ಮ ಹೊಳೆದಂಡೆಗಳ ಅತ್ತಿಮರವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜೆಸ್ ಮತ್ತು ಅವರ ವಿದ್ಯಾರ್ಥಿಗಳು ದೀರ್ಘಕಾಲ ಅಭ್ಯಾಸ ಮಾಡಿದ್ದಾರೆ. ಮರದ ಮೇಲೆ ಓಡಾಡುವ ಇರುವೆಗಳೂ ಕಾಯಿ ಮತ್ತು ಕಣಜಗಳ ಗಂಧಕ್ಕೆ ಸ್ಪಂದಿಸುತ್ತವೆಂದೂ, ಬೇಟೆಯಾಡುವ ಇರುವೆಗಳ ಸ್ಪಂದನ ರಸಹೀರುವ ಕೀಟಗಳನ್ನು ಸಾಕುವ ಇರುವೆಗಳದಕ್ಕಿಂತ ಬೇರೆಯೆಂದೂ 2009ರ ಅವರ ಪ್ರಬಂಧ ಹೇಳುತ್ತದೆ. ಗಿಡ ಕರೆದದ್ದು ಒಬ್ಬರನ್ನಾದರೂ ಆ ಕರೆ ಎಲ್ಲರ ಕಿವಿಗೂ ಬೀಳುತ್ತದೆ.

ಸೇಬಿನ ನೊಣ

ಉತ್ತರ ಅಮೆರಿಕದ ರಾಗೊಲೆಟಿಸ್ ಪೊಮೊನೆಲ್ಲಾ ಎಂಬ ನೊಣ ಮೂಲದಲ್ಲಿ ಹಾಥಾರ್ನ್ ಎಂಬ ಕಾಡುಹಣ್ಣಿನದು. ವಲಸಿಗರು ಸೇಬು ತಂದು ನೆಟ್ಟ ಮೇಲೆ, 19ನೆಯ ಶತಮಾನದ ನಡುವಿನಲ್ಲಿ, ಅದರ ಒಂದು ಗುಂಪು ಸೇಬಿಗೆ ಒಗ್ಗಿಕೊಂಡಿತು. ಈ ನೊಣಗಳು ಹಣ್ಣಿನ ಮೇಲೆಯೇ ಕೂಡುತ್ತವೆ. ಆದ್ದರಿಂದ ಹಣ್ಣಿನ ಆಯ್ಕೆಯೇ ಸಂಗಾತಿಯ ಆಯ್ಕೆಯಾಗುತ್ತದೆ. ಸೇಬಿನ ನೊಣ ಸೇಬಿನ ಎಸ್ಟರ್‌ಗಳ ಮಿಶ್ರಣಕ್ಕೂ ಕಾಡುಹಣ್ಣಿನ ನೊಣ ತನ್ನ ಹಣ್ಣಿನ ಮಿಶ್ರಣಕ್ಕೂ ಹಾರಿಬರುತ್ತವೆಂದು ಚಾರ್ಲ್ಸ್ ಲಿನ್ ಮತ್ತಿತರರು 2003ರಲ್ಲಿ ಗಾಳಿಸುರಂಗದಲ್ಲಿ ತೋರಿಸಿದರು. ಒಂದು ಜಾತಿ ಎರಡಾಗಿ ಒಡೆಯುವ ಹಾದಿಯಲ್ಲಿ ವಾಸನೆಯ ಒಲವು ಗೋಡೆಯಾಗಿ ನಿಲ್ಲುವುದನ್ನು ಇಷ್ಟು ಸ್ಪಷ್ಟವಾಗಿ ತೋರುವ ಉದಾಹರಣೆಗಳು ವಿರಳ.

ಮರದ ಹತ್ತಿರ ಬಂದ ಮೇಲೆ ಈ ನೊಣವನ್ನು ನಡೆಸುವುದು ಕಣ್ಣು. ಅಂಟು ಬಳಿದ ಕೆಂಪು ಗುಂಡುಗಳನ್ನು ಕೊಂಬೆಗೆ ತೂಗಿ ಅದನ್ನು ಹಿಡಿಯುವ ವಿಧಾನ ಅಮೆರಿಕದ ಸೇಬಿನ ತೋಟಗಳಲ್ಲಿ ಇಂದಿಗೂ ಇದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಶಾನನ್ ಓಲ್ಸನ್ ತಂಡ 2020ರಲ್ಲಿ ಇದೇ ನೊಣಕ್ಕೆಂದು ಕೃತಕ ತೋಟವೊಂದನ್ನು ಪರದೆಗಳ ಮೇಲೆ ಕಟ್ಟಿತು. ಸೂಜಿಯ ತುದಿಗೆ ಅಂಟಿಸಿದ ನೊಣ ರೆಕ್ಕೆ ಬಡಿದಂತೆ ದೃಶ್ಯ ಸರಿಯುತ್ತದೆ. ಗಾಳಿ, ವಾಸನೆಗಳನ್ನೂ ಬೇಕಾದ ದಿಕ್ಕಿನಿಂದ ಕೊಡಬಹುದು. ದೂರದ ಮರವನ್ನು ಹುಡುಕುವಾಗ ಇವನ್ನೆಲ್ಲ ನೊಣ ಹೇಗೆ ಜೋಡಿಸಿಕೊಳ್ಳುತ್ತದೆ ಎಂದು ಬಯಲಿನಲ್ಲಿ ನೋಡಲಾಗದ್ದನ್ನು ಹೀಗೆ ಕೋಣೆಯೊಳಗೆ ನೋಡಲಾಯಿತು.

ಕಣಜಗಳಿಗೆ ಗಿಡದ ಸುಳಿವು

ಮರಿಹುಳುವಿನ ಮೈಯಲ್ಲಿ ಮೊಟ್ಟೆಯಿಡುವ ಪರಾವಲಂಬಿ ಕಣಜಗಳಿಗೆ ಬೇಟೆಯ ವಾಸನೆ ಅತ್ಯಲ್ಪ. ಆದರೆ ಹುಳು ತಿಂದ ಗಿಡದ ಗಂಧ ಧಾರಾಳ. 1990ರಲ್ಲಿ ಟೆಡ್ ಟರ್ಲಿಂಗ್ಸ್, ಜೇಮ್ಸ್ ಟಮ್ಲಿನ್ಸನ್, ಜೋ ಲೂಯಿಸ್ ಅವರು ಮೆಕ್ಕೆಜೋಳದಲ್ಲಿ ಇದನ್ನು ಸಾಬೀತುಪಡಿಸಿದರು. ಬ್ಲೇಡಿನಿಂದ ಗೀರಿದ ಎಲೆ ಆ ಗಂಧವನ್ನು ಅಷ್ಟಾಗಿ ಬಿಡಲಿಲ್ಲ. ಗೀರಿದ ಜಾಗಕ್ಕೆ ಹುಳುವಿನ ಬಾಯಿರಸ ಸವರಿದಾಗ ಕೆಲವು ಗಂಟೆಗಳಲ್ಲಿ ಗಿಡ ಟರ್ಪೀನುಗಳೆಂಬ ಆವಿಗಳನ್ನು ಹೇರಳವಾಗಿ ಸೂಸಿತು, ಕಣಜಗಳು ಅದಕ್ಕೆ ಹಾರಿಬಂದವು. ಬಾಯಿರಸದಲ್ಲಿನ ಆ ಪದಾರ್ಥವನ್ನು 1997ರಲ್ಲಿ ಗುರುತಿಸಿ ವೊಲಿಸಿಟಿನ್ ಎಂದು ಹೆಸರಿಟ್ಟರು. ಗಿಡ ಕಣಜವನ್ನು ‘ಸಹಾಯಕ್ಕೆ ಕೂಗುತ್ತದೆ’ ಎಂದು ಜನಪ್ರಿಯ ಬರಹಗಳು ಹೇಳುವುದುಂಟು. ಪೆಟ್ಟು ತಿಂದ ಗಿಡ ಆವಿ ಬಿಡುತ್ತದೆ, ಆ ಸುಳಿವನ್ನು ಕಣಜ ಬಳಸಿಕೊಳ್ಳುತ್ತದೆ ಎನ್ನುವುದಕ್ಕೆ ಮಾತ್ರ ಗಟ್ಟಿ ಆಧಾರವಿದೆ.

ವಾಹನಗಳ ಹೊಗೆ ಸಸ್ಯಗಂಧದ ಸುಳಿವುಗಳನ್ನು ಕೆಡಿಸಬಲ್ಲದು. ರಾತ್ರಿಯ ಗಾಳಿಯಲ್ಲಿ ಮಾಲಿನ್ಯದಿಂದ ಹುಟ್ಟುವ ನೈಟ್ರೇಟ್ ರ್‍ಯಾಡಿಕಲ್ಲುಗಳು ಹೂಗಂಧದ ಮೋನೊಟರ್ಪೀನುಗಳನ್ನು ಒಡೆದುಹಾಕುತ್ತವೆಂದೂ, ಹಾಗೆ ಕೆಟ್ಟ ಗಂಧದ ಹೂಗಳಿಗೆ ಹಾಕ್ ಪತಂಗಗಳ ಭೇಟಿ ಶೇಕಡಾ 70ರಷ್ಟು ಇಳಿಯಿತೆಂದೂ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಡೆದ ಅಧ್ಯಯನವೊಂದು 2024ರಲ್ಲಿ ವರದಿ ಮಾಡಿದೆ.

ಕೃಷಿಯಲ್ಲಿ ಬಳಕೆ

ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1990ರ ದಶಕದ ಆರಂಭದಲ್ಲಿ ಎಲೆಕೋಸಿಗೆ ಬಲೆಬೆಳೆಯಾಗಿ ಸಾಸಿವೆಯನ್ನು ಶಿಫಾರಸು ಮಾಡಿತು: 25 ಸಾಲು ಎಲೆಕೋಸಿಗೆ ಎರಡು ಸಾಲು ಸಾಸಿವೆ, ಒಂದು ಸಾಲನ್ನು ಎಲೆಕೋಸು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾದ 25 ದಿನಕ್ಕೆ ಬಿತ್ತಬೇಕು. ವಜ್ರಬೆನ್ನಿನ ಪತಂಗ ಸಾಸಿವೆಯ ಮೇಲೆ ಮೊಟ್ಟೆಯಿಡುತ್ತದೆ, ಔಷಧಿಯನ್ನು ಅಲ್ಲಿಗಷ್ಟೇ ಹೊಡೆದರೆ ಸಾಕು. ಟೊಮ್ಯಾಟೊದ ಕಾಯಿಕೊರಕಕ್ಕೆ 16 ಸಾಲಿಗೊಂದು ಸಾಲು ಚೆಂಡುಹೂವು ಹಾಕುವ ಕ್ರಮವೂ ಅಲ್ಲಿಯದೇ.

ಪೂರ್ವ ಆಫ್ರಿಕದ ‘ತಳ್ಳು-ಸೆಳೆ’ ಪದ್ಧತಿ ಹೆಚ್ಚು ಪ್ರಸಿದ್ಧ. ಕೆನ್ಯಾದ ಅಂತಾರಾಷ್ಟ್ರೀಯ ಕೀಟ ಸಂಶೋಧನಾ ಕೇಂದ್ರ ಇಸಿಪೆ ಮತ್ತು ಬ್ರಿಟನ್ನಿನ ರಾಥಮ್‌ಸ್ಟೆಡ್ ಸಂಸ್ಥೆ ಕೂಡಿ ರೂಪಿಸಿದ ಇದರಲ್ಲಿ ಮೆಕ್ಕೆಜೋಳದ ಸಾಲುಗಳ ನಡುವೆ ಡೆಸ್ಮೋಡಿಯಂ, ಹೊಲದ ಸುತ್ತ ನೇಪಿಯರ್ ಹುಲ್ಲು. ಮೊದಲನೆಯದರ ಗಂಧ ಕಾಂಡಕೊರಕ ಪತಂಗವನ್ನು ಓಡಿಸುತ್ತದೆ, ಎರಡನೆಯದರದು ಸೆಳೆಯುತ್ತದೆ ಎಂಬುದು ವಿವರಣೆ. ಅಲ್ಲಿಯ ಒಂದು ಮುಖ್ಯ ಕಾಂಡಕೊರಕ ನಮ್ಮ ಜೋಳದ ಹೊಲಗಳದೇ. ಏಷ್ಯಾದಿಂದ ಆಫ್ರಿಕಕ್ಕೆ ಹೋದದ್ದು. ಪದ್ಧತಿಯಿಂದ ರೈತರಿಗೆ ಲಾಭವಾಗಿರುವುದರಲ್ಲಿ ಸಂಶಯವಿಲ್ಲ. ಲಾಭಕ್ಕೆ ಗಂಧವೇ ಕಾರಣವೇ ಎಂಬುದರಲ್ಲಿ ಈಗ ಚರ್ಚೆಯಿದೆ. ಮೆಕ್ಕೆಜೋಳದ ಇನ್ನೊಂದು ಪೀಡೆಯಾದ ಫಾಲ್ ಸೈನಿಕ ಹುಳುವಿನ ಮೇಲೆ 2024ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಡೆಸ್ಮೋಡಿಯಂ ಪತಂಗವನ್ನು ಓಡಿಸುವುದಿಲ್ಲ. ಅದರ ಎಲೆಯ ಕೊಕ್ಕೆರೋಮಗಳಿಗೆ ಸಿಕ್ಕಿ ಮರಿಹುಳುಗಳು ಸಾಯುತ್ತವೆ.

ತೆಂಗಿನ ಕೆಂಪುಮೂತಿ ಹುಳುವಿನ ಬಲೆಯಲ್ಲಿ ಫೆರೊಮೋನ್ ಜೊತೆಗೆ ಹುಳಿಬಂದ ಬಾಳೆ, ಅನಾನಸ್ ಅಥವಾ ಕಬ್ಬಿನ ತುಂಡು ಇಡದಿದ್ದರೆ ಹುಳು ಬೀಳುವುದು ಕಡಿಮೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಕಾಯಿಕೊರಕಕ್ಕೆ ತೂಗುವ ಬಲೆಗಳಲ್ಲಿರುವುದು ಮೆಥನಾಲ್, ಎಥನಾಲ್ ಮಿಶ್ರಣ. ಇವೆಲ್ಲ ಕೆಲಸ ಮಾಡುತ್ತವೆ. ಆದರೆ ಒಂದು ಸೀಸೆಯ ವಾಸನೆ ಇಡೀ ಹೊಲದ ವಾಸನೆಯೊಂದಿಗೆ ಪೈಪೋಟಿ ನಡೆಸಬೇಕಾಗಿರುವುದರಿಂದ, ಮೊಟ್ಟೆಯಿಡುವ ಹೆಣ್ಣನ್ನು ಸೆಳೆಯುವ ಸಸ್ಯಗಂಧದ ಬಲೆಗಳು ಫೆರೊಮೋನ್ ಬಲೆಗಳಷ್ಟು ಯಶಸ್ಸು ಕಂಡಿಲ್ಲ.

ಸಸ್ಯಗಂಧಗಳಲ್ಲಿ ದೊಡ್ಡ ಅಪವಾದ ಮೀಥೈಲ್ ಯೂಜಿನಾಲ್, ಅದು ಸೆಳೆಯುವುದು ಗಂಡನ್ನಾದರೂ. ಬಿಹಾರದ ಪೂಸಾದಲ್ಲಿದ್ದ ಕೀಟಶಾಸ್ತ್ರಜ್ಞ ಎಫ್. ಎಂ. ಹೌಲೆಟ್, ಸೊಳ್ಳೆ ಓಡಿಸಲು ಬಳಸುವ ಸಿಟ್ರೊನೆಲ್ಲಾ ಎಣ್ಣೆಗೆ ಹಣ್ಣುನೊಣಗಳು ಮುತ್ತುವುದನ್ನು, ಅದರಲ್ಲೂ ಗಂಡುಗಳೇ ಮುತ್ತುವುದನ್ನು 1912ರಲ್ಲಿ ಬರೆದಿಟ್ಟರು. 1915ರಲ್ಲಿ ಮೀಥೈಲ್ ಯೂಜಿನಾಲ್‌ನ ಸೆಳೆತವನ್ನು ಗುರುತಿಸಿದರು. ತುಳಸಿಯಲ್ಲೂ ಈ ಪದಾರ್ಥವಿದೆ. ಗಂಡುನೊಣ ಇದನ್ನು ತಿಂದು ತನ್ನ ಫೆರೊಮೋನ್ ತಯಾರಿಸಿಕೊಳ್ಳುತ್ತದೆ. 1960ರ ದಶಕದಲ್ಲಿ ಪೆಸಿಫಿಕ್‌ನ ರೋಟಾ ದ್ವೀಪದಿಂದ ಹಣ್ಣುನೊಣವನ್ನು ಪೂರ್ತಿ ಅಳಿಸಿದ್ದು ಮೀಥೈಲ್ ಯೂಜಿನಾಲ್ ಮತ್ತು ಕೀಟನಾಶಕದಲ್ಲಿ ನೆನೆಸಿದ ಹಲಗೆತುಂಡುಗಳನ್ನು ವಿಮಾನದಿಂದ ಬೀಳಿಸಿ.

ಮಾವಿನ ತೋಟಗಳಲ್ಲಿ ಇಂದು ತೂಗುವ ಬಲೆಗಳಿಗೆ ಬೀಳುವುದೂ ಗಂಡು ಮಾತ್ರ. ಅದಾಗಲೇ ಬಸಿರಾದ ಹೆಣ್ಣು ಪಕ್ಕದ ತೋಟದಿಂದ ಮಾವಿನ ಗಂಧ ಹಿಡಿದು ಬಂದು ಹಣ್ಣು ಚುಚ್ಚಬಲ್ಲದು. ಹಾಗಾಗಿ ಈ ಬಲೆಗಳನ್ನು ಒಬ್ಬರೇ ಕಟ್ಟಿದರೆ ಫಲ ಕಡಿಮೆ. ಸುತ್ತಲಿನ ತೋಟದವರೆಲ್ಲ ಒಟ್ಟಿಗೆ, ಕಾಯಿ ಬಲಿಯುವ ಮುಂಚೆಯೇ ಕಟ್ಟಬೇಕು, ಉದುರಿದ ಹಣ್ಣನ್ನು ಆಯ್ದು ಹೂಳಬೇಕು.